ತೊಳೆಯದ ಶೇರ್ವಾನಿ

ಹೈಸ್ಕೂಲಿಗೆ ಹೊಸದಾಗಿ ಸೇರಿದ ಮಕ್ಕಳಿಗೆ ನಾಲ್ಕು ಹಿತವಚನ ಹೇಳಬೇಕೆಂದು ನನ್ನನ್ನು ಆಗಾಗ ಕರೆಯುತ್ತಾರೆ. ವಯಸ್ಸಾಗಿದೆ, ಮಾಸ್ತರಿಕೆ ಮಾಡಿ ನಿವೃತ್ತನಾದವನು, ಬಿಳಿ ಧೋತರ ಉಡುತ್ತೇನೆ, ಅವರಿಗೆ ಅಷ್ಟು ಸಾಕು. ನನಗಿಂತ ಮೊದಲು ಎದ್ದವರು ಒಬ್ಬೊಬ್ಬರೂ ಅರ್ಧ ಗಂಟೆ ಕೊರೆಯುತ್ತಾರೆ. ಬೇಗ ಏಳಿ, ಗುರಿ ಇಟ್ಟುಕೊಳ್ಳಿ, ಹಿರಿಯರು ಹೇಳಿದ್ದನ್ನು ಚಾಚೂ ತಪ್ಪದೆ ಕೇಳಿ. ಮಕ್ಕಳು ಬಿಸಿಲಲ್ಲಿ ಕೂತು ಆಕಳಿಸುತ್ತಿರುತ್ತಾರೆ. ಹಿರಿಯರು ಹೇಳಿದ್ದನ್ನು ಕೇಳಿ ಅನ್ನುವ ಮಾತು ಬಂದ ಕೂಡಲೇ ನನಗೆ ಹೊಟ್ಟೆ ತೊಳಸುತ್ತದೆ. ಇದು ಬರೀ ಮಾತಿಗೆ ಹೇಳುವುದಲ್ಲ. ಹಳೇ ಬೆವರಿನ ವಾಸನೆಯೊಂದು ನಿಜವಾಗಿಯೂ ಮೂಗಿಗೆ ಬಂದು, ಬಾಯಲ್ಲಿ ನೀರು ಕೂಡಿಕೊಳ್ಳುತ್ತದೆ. ನನ್ನ ಸರದಿ ಬಂದಾಗ ಒಂದೇ ಮಾತು ಹೇಳಿ ಕೂತುಬಿಡುತ್ತೇನೆ: "ಮಕ್ಕಳೇ, ಬಟ್ಟೆ ಒಗೆದುಕೊಳ್ಳಿರಿ."

ಮಕ್ಕಳು ಗೊಳ್ಳೆಂದು ನಗುತ್ತಾರೆ. ಹೆಡ್‌ಮಾಸ್ತರರ ಮುಖ ಸಣ್ಣದಾಗುತ್ತದೆ. ಮುದುಕನಿಗೆ ಅರಳುಮರಳು ಎಂದು ಯಾರೋ ಹಿಂದಿನಿಂದ ಅನ್ನುವುದೂ ಕೇಳಿಸಿದೆ. ಯಾಕೆ ಹಾಗೆ ಹೇಳುತ್ತೇನೆಂಬುದು ಮೈಕಿನ ಮುಂದೆ ಬಿಚ್ಚಿಡುವ ಸಂಗತಿಯಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕುರಿ ಕಾಯುವ ಮನೆತನ, ಗಬ್ಬೂರಿನಿಂದ ಆಚೆಗಿನ ಒಂದು ಸಣ್ಣ ಹಳ್ಳಿ. ದೇವದುರ್ಗದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ನಾನು ಮಿಡಲ್ ಸ್ಕೂಲು ಮುಗಿಸಿದೆ. ನಮ್ಮ ಪೈಕಿ ಅಲ್ಲಿಯವರೆಗೆ ಯಾರೂ ಓದಿರಲಿಲ್ಲ. ಮುಂದೆ ಹೈಸ್ಕೂಲಿಗೆ ರಾಯಚೂರಿಗೇ ಹೋಗಬೇಕು. ಅದು ನಿಜಾಮರ ಕಾಲ, ಪಾಠವೆಲ್ಲ ಉರ್ದುವಿನಲ್ಲಿ, ಹುಡುಗರು ಶೇರ್ವಾನಿ ತೊಟ್ಟು ಟೋಪಿ ಹಾಕಿಕೊಂಡೇ ತರಗತಿಯಲ್ಲಿ ಕೂಡಬೇಕು. ಮೇಲೆ ಯುದ್ಧದ ದಿನಗಳು. ಅಂಗಡಿಯಲ್ಲಿ ಬಟ್ಟೆ ಇಲ್ಲ, ಇದ್ದರೂ ನಮ್ಮಂಥವರ ಕೈಗೆ ಎಟುಕುವಂತಿಲ್ಲ. ಒಂದು ಶೇರ್ವಾನಿಗಾಗಿ ನನ್ನ ಓದು ನಿಂತೇಹೋಯಿತು ಎಂದು ಮನೆಯವರೆಲ್ಲ ತಿಳಿದಿದ್ದರು. ನಮ್ಮವ್ವ ಅದಾಗಲೇ ನನ್ನ ಹೆಗಲಿಗೆ ಕಂಬಳಿ ಹಾಕಿ, ಕೈಗೆ ಕೋಲು ಕೊಟ್ಟಿದ್ದಳು.

ಆಗ ರಾಯಚೂರಿನಿಂದ ಮಾತು ಬಂತು. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಮಾನ್ವಿ ಸೀಮೆಗೆ ಹಿಂಡು ಹೊಡೆದುಕೊಂಡು ಹೋಗಿ, ಪೋತ್ನಾಳದ ಹತ್ತಿರ ಒಬ್ಬ ಗೌಡರ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತಿದ್ದ. ಗೌಡರು ಹೆಚ್ಚಾಗಿ ಹೊಲದ ಮೇಲೇ ಇರುವವರು. ಅವರ ಹೆಂಡತಿ, ಗೌಡಸಾನಿ, ರಾಯಚೂರಿನ ಮನೆಯಲ್ಲಿದ್ದು ಒಬ್ಬನೇ ಮಗನನ್ನು ಓದಿಸುತ್ತಿದ್ದಳು. ಆ ಬೇಸಿಗೆಯಲ್ಲಿ ಮಗ ವಾಂತಿಭೇದಿಗೆ ಎರಡೇ ದಿನದಲ್ಲಿ ತೀರಿಕೊಂಡ. ನನ್ನದೇ ವಯಸ್ಸು. ಅವನೂ ಅದೇ ವರ್ಷ ಹೈಸ್ಕೂಲು ಸೇರಬೇಕಾಗಿದ್ದವನು. ಗೌಡಸಾನಿ ಹೊಲದ ಆಳಿನ ಕೈಯಲ್ಲಿ ಹೇಳಿ ಕಳಿಸಿದ್ದಳು: ಶೇರ್ವಾನಿ ಟ್ರಂಕಿನಲ್ಲಿ ಸುಮ್ಮನೆ ಬಿದ್ದಿದೆ, ಕುರಿಯವನ ಮೊಮ್ಮಗ ಓದುತ್ತಾನಂತಲ್ಲ, ಬಂದು ತೊಟ್ಟುಕೊಳ್ಳಲಿ, ನಮ್ಮಲ್ಲೇ ಉಂಡು ಸಾಲಿಗೆ ಹೋಗಲಿ.

ಇದಕ್ಕೆ ಬೇರೆ ಯಾರಾದರೂ ಪುಣ್ಯಾತ್ಗಿತ್ತಿ ಎಂದು ಕೈ ಮುಗಿಯುತ್ತಿದ್ದರು. ನಮ್ಮ ಮುತ್ಯಾ ಹಾಗಲ್ಲ. ಅವನ ತಲೆಯಲ್ಲಿ ಕುರಿ ಬಿಟ್ಟರೆ ಬೇರೇನೂ ಇರಲಿಲ್ಲ. ಆ ಮಾತು ಕೇಳಿ ಗಡ್ಡ ಕೆರೆದುಕೊಂಡು, "ತಾಯಿ ಕುರಿ ಮರಿ ಕಳಕೊಂಡದ. ಕೆಚ್ಚಲು ತುಂಬಿ ನಿಂತದ" ಅಂದ.

ಕುರಿ ಕಾಯುವವರಿಗೆ ಇದರ ಅರ್ಥ ಗೊತ್ತು, ಉಳಿದವರಿಗೆ ಹೇಳಬೇಕು. ಹಿಂಡಿನಲ್ಲಿ ಒಂದು ಕುರಿಯ ಮರಿ ಸತ್ತಿತು, ಅದೇ ಹೊತ್ತಿಗೆ ಇನ್ನೊಂದು ಮರಿಯ ತಾಯಿ ಸತ್ತಿತು ಅನ್ನಿ. ತಬ್ಬಲಿ ಮರಿಯನ್ನು ಹಾಗೆಯೇ ಬಿಟ್ಟರೆ ಆ ಕುರಿ ಮೂಸಿ ನೋಡಿ ಗುದ್ದಿ ಓಡಿಸುತ್ತದೆ, ಹಾಲು ಕೊಡುವುದಿಲ್ಲ. ಆಗ ಸತ್ತ ಮರಿಯ ತೊಗಲು ಸುಲಿದು ತಬ್ಬಲಿಯ ಮೈಗೆ ಕಟ್ಟುತ್ತಾರೆ. ಕುರಿ ಮೂಸುತ್ತದೆ, ತನ್ನ ಮರಿಯದೇ ವಾಸನೆ, ಸುಮ್ಮನೆ ನಿಂತು ಹಾಲೂಡಿಸುತ್ತದೆ. ಚಿಕ್ಕಂದಿನಲ್ಲಿ ಆ ತೊಗಲು ಕಟ್ಟುವಾಗ ಮರಿಯ ಕಾಲು ಹಿಡಿದುಕೊಳ್ಳುವ ಕೆಲಸ ನನ್ನದಾಗಿತ್ತು. ಮೂರನೆಯ ದಿನಕ್ಕೆ ತೊಗಲು ಗಬ್ಬು ನಾತ ಹೊಡೆಯುತ್ತದೆ, ನೊಣ ಮುತ್ತುತ್ತವೆ. ಅಷ್ಟರೊಳಗೆ ಕುರಿ ಮರಿಗೆ ಒಗ್ಗಿರುತ್ತದೆ, ತೊಗಲು ಬಿಚ್ಚಿ ಎಸೆಯಬಹುದು.

ಹಿಂಡು ಆಗ ಮಾನ್ವಿ ಸೀಮೆಯಲ್ಲೇ ಇತ್ತು. ಮುತ್ಯಾನೂ ನಾನೂ ಮಾನ್ವಿಯಿಂದ, ಪೆಟ್ರೋಲು ಸಿಗದ ಆ ದಿನಗಳಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿನಲ್ಲಿ ಮಸಿ ಮೆತ್ತಿಕೊಂಡು ರಾಯಚೂರಿಗೆ ಬಂದೆವು. ಗೌಡಸಾನಿ ಟ್ರಂಕು ತೆಗೆದು ಶೇರ್ವಾನಿಯನ್ನು ಮಡಿಕೆ ಸಮೇತ ನನ್ನ ಕೈಗಿಟ್ಟಳು. ದಪ್ಪ ಕರಿ ಬಟ್ಟೆ, ಕೊರಳವರೆಗೂ ಗುಂಡಿ. ಅವಳು ಒಳಗೆ ಹೋದದ್ದೇ ತಡ, ಮುತ್ಯಾ ನನ್ನನ್ನು ಬೀದಿಗೆ ಎಳೆದುಕೊಂಡು ಬಂದು ಶೇರ್ವಾನಿಯ ಕೊರಳಿಗೆ ಮೂಗು ಹಚ್ಚಿ ಮೂಸಿದ. ಕತ್ತಲಲ್ಲಿ ಬರೀ ಮೂಸಿ ಯಾರ ಹಿಂಡಿನ ಕುರಿ ಅಂತ ಹೇಳುತ್ತೇನೆ ಎಂದು ಜಂಬ ಕೊಚ್ಚುವ ಮೂಗು ಅದು.

"ಅದ. ಹುಡುಗನ ವಾಸನಿ ಅದ ಇದರಾಗ" ಅಂದ. "ಲೇ ತಮ್ಮಾ, ಸಾಲ್ಯಾಗ ಏನ್ ಕಲೀತಿಯೋ ಏನ್ ಬಿಡ್ತಿಯೋ, ನಂದೊಂದು ಮಾತು ಕೇಳು. ಇದನ್ನ ತೊಳೀಬ್ಯಾಡ. ತೊಳದಿ ಅಂದ್ರ ವಾಸನಿ ಹೋತು. ವಾಸನಿ ಹೋತಂದ್ರ ಆಕಿ ನಿನ್ನ ಗುದ್ದಿ ಹೊರಗ ಹಾಕ್ತಾಳ."

"ಎಷ್ಟು ದಿನ ಮುತ್ಯಾ?"

"ಓದು ಮುಗಿಯೋತನಕ."

"ಮೂರು ವರ್ಷ ಆಗ್ತಾವಲ್ಲೋ."

"ಆಗ್ಲಿ. ಅನ್ನ ಬೇಕೋ ಬ್ಯಾಡೋ?"

ತೊಗಲನ್ನು ಮೂರನೆಯ ದಿನಕ್ಕೆ ಬಿಚ್ಚಬೇಕೆಂದು ನನಗೆ ಕಲಿಸಿದವನು ಅವನೇ. ಆ ಮಾತು ಅವನಿಗೂ ನೆನಪಾಗಲಿಲ್ಲ, ನನಗೂ ಹೊಳೆಯಲಿಲ್ಲ. ಅವನು ನನ್ನ ತಲೆ ಸವರಿ ಸಂಜೆಯ ಬಸ್ಸಿಗೆ ಹೊರಟುಹೋದ.

ನನಗೆ ಮಲಗಲು ಕೊಟ್ಟದ್ದು ತಲಬಾಗಿಲ ಪಕ್ಕದ ಕಟ್ಟೆ. ಊಟ ಹಿತ್ತಲ ಪಡಸಾಲೆಯಲ್ಲಿ. ನಾನು ಗೋಡೆಗೆ ಒರಗಿ ಕೂಡುವುದು, ಗೌಡಸಾನಿ ತಾನೇ ಬಂದು ರೊಟ್ಟಿ, ಪಲ್ಯ, ಸಾರು ನೀಡುವುದು. ಆಳುಗಳ ಕೈಯಲ್ಲಿ ಒಂದು ದಿನವೂ ಬಡಿಸಲಿಲ್ಲ, ಅದು ಅವಳ ದೊಡ್ಡತನ. ಮೊದಲ ತಿಂಗಳು ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ವಾಸನೆ ಹತ್ತಿತೋ ಇಲ್ಲವೋ ಅಂತ. ಏನೂ ಆಗಲಿಲ್ಲ. ಸುಮ್ಮನೆ ಬಡಿಸುತ್ತಿದ್ದಳು, ಸುಮ್ಮನೆ ಒಳಗೆ ಹೋಗುತ್ತಿದ್ದಳು. ಈ ಕುರಿ ಇನ್ನೂ ಮೂಸಿಲ್ಲ ಎಂದು ನನಗೆ ಚಿಂತೆಯಾಗಿತ್ತು. ಯಾವತ್ತು ಹೊರಗೆ ಹಾಕುತ್ತಾಳೋ ಎಂಬ ಭಯದಲ್ಲಿ ಎರಡು ರೊಟ್ಟಿ ತಿನ್ನುವ ಕಡೆ ಒಂದೇ ತಿಂದು ಏಳುತ್ತಿದ್ದೆ.

ಶ್ರಾವಣ ಬರುವ ಹೊತ್ತಿಗೆ ಅವಳ ಕೈ ಸೆರಗಿಗೆ ಹೋಗತೊಡಗಿತು. ನನ್ನ ತಾಟಿನ ಹತ್ತಿರ ಬಗ್ಗಿದ ಕೂಡಲೇ ಸೆರಗು ಮುಖಕ್ಕೆ ಬರುತ್ತಿತ್ತು, ಕಣ್ಣಿನ ಕೆಳಗಿನದೆಲ್ಲ ಮುಚ್ಚಿಹೋಗುತ್ತಿತ್ತು. ಕಣ್ಣು ಸ್ವಲ್ಪ ಕಿರಿದಾಗಿ ತೇವವಾಗಿರುತ್ತಿದ್ದವು. ಅಳುತ್ತಿದ್ದಾಳೆ ಎಂದು ತಿಳಿದೆ. ಮಗನ ವಾಸನೆ ಹತ್ತಿತು, ಇನ್ನು ನನ್ನ ಅನ್ನಕ್ಕೆ ಮೋಸವಿಲ್ಲ. ಆಗ ನನಗಾದ ಖುಷಿಯನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಕೆ ಬರುತ್ತದೆ. ಹೆತ್ತ ತಾಯಿಯೊಬ್ಬಳು ಕಣ್ಣೀರು ಹಾಕುತ್ತಿದ್ದಾಳೆಂದು ತಿಳಿದು ಒಳಗೊಳಗೆ ಹಿಗ್ಗಿದವನು ನಾನು.

ಹಿಗ್ಗಿ ಸುಮ್ಮನಿದ್ದೆನೇ? ಇಲ್ಲ. ಅವಳು ಸೆರಗು ಮುಚ್ಚಿಕೊಂಡ ದಿನ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಗಡಬಡಿಸಿ ಎರಡರ ಕಡೆ ಮೂರು ರೊಟ್ಟಿ ಒಮ್ಮೆಗೇ ಹಾಕಿ, ಸಾರು ತುಂಬ ಸುರಿದು ಒಳಗೆ ಹೋಗಿಬಿಡುತ್ತಿದ್ದಳು. ದುಃಖ ತಡೆಯಲಾರದೆ ಹೋಗುತ್ತಾಳೆ ಎಂದುಕೊಂಡೆ. ಹಸಿವು ಹೆಚ್ಚಿದ ದಿನ ಬೇಕಂತಲೇ ಕೊರಳ ಗುಂಡಿ ಎರಡು ಬಿಚ್ಚಿ, ಶೇರ್ವಾನಿಯ ಎದೆಯನ್ನು ಹಿಡಿದು ಬೀಸಣಿಕೆಯ ಹಾಗೆ ಅವಳ ಕಡೆಗೆ ಆಡಿಸುತ್ತಿದ್ದೆ. ಆ ದಿನ ನಾಲ್ಕು ರೊಟ್ಟಿ ಬೀಳುತ್ತಿದ್ದವು.

ಶೇರ್ವಾನಿಯ ಗತಿ ಏನಾಗಿತ್ತೆಂದು ಹೇಳಲೇಬೇಕು, ಓದುವವರು ಮೂಗು ಮುಚ್ಚಿಕೊಂಡರೂ ಸರಿ. ರಾಯಚೂರಿನ ಸೆಕೆ ಎಂಥದೆಂದು ಅಲ್ಲಿದ್ದವರಿಗೆ ಗೊತ್ತು. ದಿನಾ ಬೆವರು ಇಳಿದು ಬೆನ್ನಿನ ಮೇಲೆ ಉಪ್ಪು ಬಿಳಿ ಬಿಳಿಯಾಗಿ ಹೆಪ್ಪುಗಟ್ಟಿತ್ತು. ತಲೆಗೆ ಹಚ್ಚುತ್ತಿದ್ದ ಔಡಲೆಣ್ಣೆ ಇಳಿದಿಳಿದು ಕೊರಳಪಟ್ಟಿ ಮಿಣಮಿಣ ಮಿಂಚುತ್ತಿತ್ತು, ಉಗುರಿನಿಂದ ಕೆರೆದರೆ ಮೇಣದಂಥ ಜಿಡ್ಡು ಬರುತ್ತಿತ್ತು. ಕಂಕುಳಲ್ಲಿ ಬಟ್ಟೆ ಸೆಟೆದು ನಿಂತಿತ್ತು. ಎಷ್ಟು ತಪ್ಪಿಸಿಕೊಂಡರೂ ಒಮ್ಮೊಮ್ಮೆ ಮಳೆಗೆ ತೊಯ್ದು, ಮೈಮೇಲೇ ಒಣಗಿ, ಒಳಗಿನ ಅಸ್ತರಿಗೆ ಬೂಜು ಹಿಡಿದಿತ್ತು. ಒಳಗಿನ ಅಂಗಿಯನ್ನು ನಾನು ವಾರಕ್ಕೆರಡು ಸಲ ಒಗೆದುಕೊಳ್ಳುತ್ತಿದ್ದೆ, ನಮ್ಮವ್ವ ಕಲಿಸಿದ್ದ ರೂಢಿ ಅದು. ಶೇರ್ವಾನಿಗೆ ಮಾತ್ರ ನೀರು ಸೋಕಿಸಲಿಲ್ಲ. ಮಳೆ ಬಂದರೆ ವಾಸನೆ ಹೋದೀತೆಂದು ಮಾಡಿನ ಕೆಳಗೆ ಓಡುತ್ತಿದ್ದೆ.

ಶಾಲೆಯಲ್ಲಿ ಬೆಂಚಿನ ಹುಡುಗರು ಒಬ್ಬೊಬ್ಬರೇ ಅತ್ತ ಸರಿದರು. ಮಾಸ್ತರರು ನನ್ನನ್ನು ಕಿಟಕಿಯ ಪಕ್ಕಕ್ಕೆ ಕೂಡಿಸಿದರು. ದೀಪಾವಳಿಯ ಹೊತ್ತಿಗೆ ನಾಲ್ಕು ಜನ ಕೂಡುವ ಬೆಂಚಿನ ಮೇಲೆ ನಾನೊಬ್ಬನೇ. ಇದು ಪ್ಯಾಟಿ ಮಂದಿಯ ಸೊಕ್ಕು, ಕುರಿಯವನೆಂದು ದೂರ ಇಡುತ್ತಾರೆ ಎಂದು ಹಲ್ಲು ಕಡಿದೆ. ಕೆಲವರಲ್ಲಿ ಆ ಸೊಕ್ಕು ಇದ್ದದ್ದೂ ನಿಜ. ಆದರೆ ಅದೆಲ್ಲವನ್ನೂ ಅವರ ತಲೆಗೇ ಕಟ್ಟಿ, ಹಟಕ್ಕೆ ಬಿದ್ದು ಓದಿದೆ. ಲೆಕ್ಕದಲ್ಲಿ ಮೊದಲಿಗನಾಗಿದ್ದೆ. ಮೊದಲಿಗನ ಹತ್ತಿರ ಲೆಕ್ಕ ಕೇಳಲು ಬಂದವರು ಕೈ ಚಾಚುವಷ್ಟು ದೂರದಲ್ಲಿ ನಿಂತು ಕೇಳಿ ಹೋಗುತ್ತಿದ್ದರು.

ಒಂದು ದಿನ ಲೆಕ್ಕದ ಮಾಸ್ತರರು, ನನ್ನ ಮೇಲೆ ಪ್ರೀತಿ ಇದ್ದವರೇ, ಹಲಗೆಯ ಮೇಲೆ ಲೆಕ್ಕ ಬಿಡಿಸಲು ಕರೆದರು. ನಾನು ಪಕ್ಕ ಬಂದು ನಿಂತೊಡನೆ ಅವರು ಒಂದು ಹೆಜ್ಜೆ ಹಿಂದಕ್ಕೆ ಸರಿದು, ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. "ಕಲ್ ಧೋಕೆ ಆವ್. ನೈತೋ ಮತ್ ಆವ್" ಅಂದರು. ನಾಳೆ ತೊಳೆದುಕೊಂಡು ಬಾ, ಇಲ್ಲವಾದರೆ ಬರಲೇಬೇಡ. ಇಡೀ ತರಗತಿ ನಕ್ಕಿತು. ಆ ಕರವಸ್ತ್ರವನ್ನು ಕಣ್ಣಾರೆ ಕಂಡೂ ಸೆರಗಿನ ಅರ್ಥ ನನಗೆ ತಿಳಿಯಲಿಲ್ಲ. ಮುತ್ಯಾನ ಮಾತು ಅಷ್ಟು ಗಟ್ಟಿಯಾಗಿ ತಲೆಯಲ್ಲಿ ಕೂತಿತ್ತು.

ಮನೆಯ ಕಡೆ ನಡೆಯುತ್ತ ಲೆಕ್ಕ ಹಾಕಿದೆ. ತೊಳೆದರೆ ಅನ್ನ ಹೋಯಿತು, ಅನ್ನ ಹೋದರೆ ರಾಯಚೂರು ಹೋಯಿತು. ತೊಳೆಯದಿದ್ದರೆ ಶಾಲೆ ಹೋಯಿತು. ಎರಡೂ ದಾರಿ ಕುರಿಯ ಹಿಂಡಿನ ಹಿಂದಕ್ಕೇ ಹೋಗಿ ಮುಟ್ಟುತ್ತಿದ್ದವು. ಕಡೆಗೊಂದು ಉಪಾಯ ಹೂಡಿದೆ. ಮಾಸ್ತರರ ಕಣ್ಣಿಗೆ ಬೀಳುವ ಕೊರಳಪಟ್ಟಿಯಷ್ಟನ್ನು ತೊಳೆಯುವುದು, ಉಳಿದದ್ದನ್ನು ಹಾಗೆಯೇ ಬಿಡುವುದು. ಅರ್ಧ ವಾಸನೆಯಾದರೂ ಉಳಿದೀತು. ಹಿತ್ತಲ ಬಾವಿಯ ಹತ್ತಿರ ಚೊಂಬಿನಲ್ಲಿ ನೀರು ತೆಗೆದುಕೊಂಡು, ಬೆರಳು ಅದ್ದಿ ಅದ್ದಿ ಪಟ್ಟಿಯನ್ನು ಉಜ್ಜುತ್ತ ಕೂತೆ. ಜಿಡ್ಡು ಬೆರಳಿಗೆ ಅಂಟಿಕೊಂಡಿತು. ಅಳು ಬಂತು.

"ಏನ್ ಮಾಡಾಕತ್ತೀಯೋ ತಮ್ಮಾ?"

ಗೌಡಸಾನಿ ಹಿಂದೆ ನಿಂತಿದ್ದಳು, ಸೆರಗು ಮುಖದ ಮೇಲೆ.

"ಏನಿಲ್ಲರಿ ಅವ್ವಾರ."

"ತೊಳ್ಯಾಕ ಹತ್ತೀದಿ, ಎಲ್ಲಾ ತೊಳಿ. ಕೊರಳಷ್ಟೇ ಯಾಕ?"

"ಬ್ಯಾಡ್ರಿ. ಎಲ್ಲಾ ತೊಳದ್ರ ನೀವು ನನ್ನ ಹೊರಗ ಹಾಕ್ತೀರಿ."

"ನಾನ್ಯಾಕ ಹಾಕ್ಲೋ?"

ಆಗ ನನ್ನ ಬಾಯಿಂದ ಎಲ್ಲವೂ ಬಂದುಬಿಟ್ಟಿತು. ಮರಿಯ ತೊಗಲು, ಕುರಿ, ಮುತ್ಯಾ ಬೀದಿಯಲ್ಲಿ ಮೂಸಿದ್ದು, ತೊಳೆಯಬೇಡವೆಂದದ್ದು. "ಸಣ್ಣ ಗೌಡ್ರ ವಾಸನಿ ಇದರಾಗ ಅದರೀ ಅವ್ವಾರ. ಅದಕ್ಕ ನೀವು ನನಗ ನೀಡ್ತೀರಿ. ಅದಕ್ಕ ದಿನಾ ಅಳ್ತೀರಿ" ಎಂದು ಅವಳ ಕಾಲು ಹಿಡಿಯಲು ಹೋದೆ.

ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು.

"ಯಾರ ವಾಸನಿ?" ಅಂದಳು. "ಅಂವ ಇದನ್ನ ಮೈಮ್ಯಾಲೆ ಹಾಕ್ಕೊಂಡೇ ಇಲ್ಲಲ್ಲೋ ಹುಚ್ಚಾ. ದರ್ಜಿ ಹೊಲದು ತರೋದ್ರಾಗ ಅಂವ ಹೋಗಿ ಐದು ದಿನ ಆಗಿತ್ತು. ಮಡಿಕಿ ಬಿಚ್ಚಲಾರ್ದಂಗ ಟ್ರಂಕಿನ್ಯಾಗ ಇಟ್ಟಿದ್ದೆ."

"ಮತ್ತ ನೀವು ಸೆರಗು..."

"ಮೂಗು ಮುಚ್ಕೊಂತಿದ್ದೆನಪ್ಪಾ! ನಿನ್ನ ಹೊಲಸು ನಾತಕ್ಕ ನನಗ ಹೊಟ್ಟಿ ತೊಳಸ್ತಿತ್ತು. ನಿನಗ ನೀಡಿ ಬಂದು ನಾನು ಉಣ್ಣಾಕ ಆಗ್ತಿದ್ದಿಲ್ಲ."

"ಮತ್ತ ಯಾಕ ಹೇಳಲಿಲ್ರಿ?"

"ಹೆಂಗ ಹೇಳ್ಲಿ? ನಿಮ್ಮ ಮಂದಿ ಹಿಂಗೇ ಇರ್ತಾರ ಅಂದ್ಕೊಂಡೆ."

ಐದು ತಿಂಗಳು ನಾನು ಜತನ ಮಾಡಿ ಕಾಪಾಡಿದ್ದು, ಮಳೆಯಿಂದ ಬಚ್ಚಿಟ್ಟದ್ದು, ಊಟದ ಹೊತ್ತಿಗೆ ಬೀಸಿ ಬೀಸಿ ತೋರಿಸಿದ್ದು ನನ್ನದೇ ಹೊಲಸು. ಮುತ್ಯಾ ಮೂಸಿದಾಗ ಕೊರಳಲ್ಲಿದ್ದದ್ದು, ತೊಡೆಯ ಮೇಲೆ ಹಾಕಿಕೊಂಡು ಹೊಲಿದ ದರ್ಜಿಯ ವಾಸನೆ ಇರಬೇಕು. ಮುಂದೆ ರಜೆಗೆ ಊರಿಗೆ ಹೋದಾಗ ಇದನ್ನು ಹೇಳಿ ಮುತ್ಯಾನ ಮೇಲೆ ಹರಿಹಾಯ್ದೆ. ಅವನು ಮೂಗು ಉಜ್ಜಿಕೊಂಡು, "ದರ್ಜಿದಾ? ನಾ ಆವತ್ತೇ ಅಂದ್ಕೊಂಡೆ, ಸ್ವಲ್ಪ ಬೀಡಿ ವಾಸನಿ ಅದಲ್ಲಾ ಅಂತ" ಅಂದ. ಎರಡು ದಿನ ಅವನೊಡನೆ ಮಾತು ಬಿಟ್ಟೆ.

ಆದರೆ ಬಾವಿಯ ಹತ್ತಿರ ನಿಂತಾಗ ನನಗೆ ಹೇಸಿಕೆ ಬಂದದ್ದು ಅವನ ಮೇಲಲ್ಲ. ನನಗೆ ಅನ್ನ ನೀಡಿದ ಹೆಂಗಸನ್ನು ಐದು ತಿಂಗಳು ಕುರಿ ಎಂದು ತಿಳಿದಿದ್ದೆ. ಅವಳೋ ನನ್ನನ್ನು, ನನ್ನ ಅವ್ವನನ್ನು, ನಮ್ಮ ಮಂದಿಯನ್ನೆಲ್ಲ ಹೊಲಸಿನಲ್ಲಿ ಬದುಕುವವರೆಂದು ತಿಳಿದು ಸುಮ್ಮನಿದ್ದಳು. ನಮ್ಮವ್ವ ಅಷ್ಟು ದೂರದ ಹಳ್ಳದಿಂದ ನೀರು ಹೊತ್ತು ತಂದು ನನ್ನ ಮೈ ತಿಕ್ಕುತ್ತಿದ್ದಳೆಂದು ಹೇಳಬೇಕೆನಿಸಿತು. ಮೈಮೇಲಿನ ಆ ನಾತ ಇಟ್ಟುಕೊಂಡು ಯಾವ ಬಾಯಿಂದ ಹೇಳುವುದು?

ಗೌಡಸಾನಿ ಶೇರ್ವಾನಿಯನ್ನು ನನ್ನ ಕೈಯಿಂದ ಕಸಿದುಕೊಂಡಳು. ನಾನು ತೊಳೆಯುತ್ತೇನೆಂದರೆ ಬಿಡಲಿಲ್ಲ. ಬಿಸಿನೀರಿನಲ್ಲಿ ಅಂಟವಾಳಕಾಯಿ ಹಿಸುಕಿ, ನೊರೆ ಬರಿಸಿ, ಸೀರೆ ಮೇಲಕ್ಕೆ ಕಟ್ಟಿ ಕಲ್ಲಿನ ಮೇಲೆ ತಿಕ್ಕಲು ಕೂತಳು. ಮೊದಲ ನೀರು ಸಗಣಿ ಕದಡಿದಂತೆ ಬಂತು. ಎರಡನೆಯದೂ ಹಾಗೆಯೇ. ಕಲ್ಲಿನಿಂದ ಇಳಿದು ಬಾಳೆಯ ಬುಡಕ್ಕೆ ಹರಿಯುತ್ತಿದ್ದ ಆ ನೀರನ್ನು ನಿಂತು ನೋಡಿದೆ, ಅದು ನನ್ನ ಮೈಯಿಂದಲೇ ಬಂದದ್ದು. ಗೋಡೆಯ ಮರೆಗೆ ಹೋಗಿ ಕಾರಿಕೊಂಡೆ.

ಮರುದಿನ ಬೆಳಿಗ್ಗೆ ಕೆಂಡ ತುಂಬಿದ ತಂಬಿಗೆಯಿಂದ ಅವಳೇ ಇಸ್ತ್ರಿ ಮಾಡಿ ತಂದುಕೊಟ್ಟಳು. ಬಟ್ಟೆ ಮತ್ತೆ ಕಪ್ಪಗೆ, ಗರಿಗರಿಯಾಗಿತ್ತು. ಯಾವ ವಾಸನೆಯೂ ಇರಲಿಲ್ಲ. ತೊಟ್ಟು ಕೊರಳ ಗುಂಡಿ ಹಾಕಿಕೊಂಡು, ರೂಢಿಯಂತೆ ಶೇರ್ವಾನಿಯ ತೋಳನ್ನು ಮೇಲಕ್ಕೆ ಮಡಿಚಿಕೊಂಡು ಪಡಸಾಲೆಯಲ್ಲಿ ನಿಂತೆ. ಆ ತೋಳುಗಳು ನನಗೆ ಮೊದಲಿನಿಂದಲೂ ಉದ್ದ. ಇವತ್ತು ಎಷ್ಟು ರೊಟ್ಟಿ ಬೀಳುತ್ತವೋ, ಇದೇ ಕಡೆಯ ಊಟವೋ ಎಂದು ಮನಸ್ಸಿನಲ್ಲಿತ್ತು. ಅವಳು ರೊಟ್ಟಿಯ ಬುಟ್ಟಿ ಹಿಡಿದು ಹತ್ತಿರ ಬಂದಳು, ಹಿಂದೆಂದೂ ಬಂದಿರದಷ್ಟು ಹತ್ತಿರ. ಬುಟ್ಟಿ ಕೆಳಗಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ತೋಳು ಯಾಕ ಮಡಚೀದಿ? ಇಳಸು. ಬೆಳ್ಯೋ ಹುಡುಗ ಅಂತ ದರ್ಜಿಗೆ ಹೇಳಿ ಉದ್ದ ಬಿಡಿಸಿದ್ದೆ" ಅಂದಳು.

ನಾನು ಇಳಿಸುವ ಮೊದಲು ಅವಳೇ ಎರಡೂ ತೋಳಿನ ಮಡಿಕೆ ಬಿಚ್ಚಿ ಕೆಳಕ್ಕೆ ಎಳೆದಳು. ಐದು ತಿಂಗಳಲ್ಲಿ ಅವಳ ರೊಟ್ಟಿ ತಿಂದು ನಾನು ಬೆಳೆದಿದ್ದೆ. ತೋಳು ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿತು. ಅವಳು ಆ ಅಂಚನ್ನು ಹಿಡಿದುಕೊಂಡೇ ಇದ್ದಳು, ಬಿಡಲಿಲ್ಲ. ತುಟಿ ಅದುರಿದವು, ಗದ್ದ ಅದುರಿತು, ಕಣ್ಣೀರು ಮೂಗಿನ ಪಕ್ಕದಿಂದ ಇಳಿದು ಬಾಯಿಯವರೆಗೂ ಬಂತು. ಅವಳು ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಅಂದೇ. ಸೆರಗು ಹೆಗಲ ಮೇಲೇ ಇತ್ತು.